ಸೋಲ್ಜರ್ಸ್ ಜಾಯ್: ಹೆಸರಿನ ಕಥೆ, ಕಮಾನಿನ ಲೆಕ್ಕ

17 ನವೆಂಬರ್ 2024, ಭಾನುವಾರ

‘ಸೋಲ್ಜರ್ಸ್ ಜಾಯ್’ ಎಂಬ ಹಳೇ ಪಿಟೀಲು ಮಟ್ಟಿನ ಬೆನ್ನಿಗೆ ಒಂದು ಕಥೆ ಅಂಟಿಕೊಂಡಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಕೊಡುತ್ತಿದ್ದ ಮಾರ್ಫೀನೇ ಆ ‘ಸಿಪಾಯಿಯ ಸಂತೋಷ’ವಂತೆ. ಕೇಳಲು ಸೊಗಸು, ಇಸವಿ ಮಾತ್ರ ಕೂಡುವುದಿಲ್ಲ. ಆ ಯುದ್ಧ 1861ರಿಂದ 1865ರದ್ದು. ಗ್ಲಾಸ್ಗೋದ ಜೋಶುವಾ ಕ್ಯಾಂಪ್‌ಬೆಲ್ 1778ರಲ್ಲೇ ರೀಲ್ ಎಂಬ ಕುಣಿತದ ಮಟ್ಟುಗಳ ತನ್ನ ಸಂಕಲನದಲ್ಲಿ ಇದನ್ನು ಅಚ್ಚು ಹಾಕಿಸಿದ್ದ; 1782ರಲ್ಲಿ ಅದೇ ಊರಿನ ಜೇಮ್ಸ್ ಏರ್ಡ್ ಮತ್ತೆ ಪ್ರಕಟಿಸಿದ. ಅಫೀಮಿನಿಂದ ಮಾರ್ಫೀನ್ ಬೇರ್ಪಡಿಸಿದ್ದೇ 19ನೇ ಶತಮಾನದಲ್ಲಿ. ಮಾರ್ಫೀನು, ಬಿಯರು ಎಂದು ಹಾಡುವ ಸಾಲುಗಳು ಹಳೇ ಮಟ್ಟಿಗೆ ಅಮೆರಿಕದಲ್ಲಿ ಆಮೇಲೆ ಸೇರಿದವು.

ಹೆಸರಿಗೆ ಸಿಪಾಯಿ ಸಾಕು, ಔಷಧಿ ಬೇಡ. ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ‘ದಿ ಜಾಲಿ ಬೆಗರ್ಸ್’ ಬರೆದಾಗ ಕೈಕಾಲು ಕಳೆದುಕೊಂಡ ಸಿಪಾಯಿಯ ಬಾಯಿಗೆ ಕೊಟ್ಟ ಹಾಡು ಇದೇ ಮಟ್ಟಿನದು. ಇಂಗ್ಲೆಂಡಿನಲ್ಲಿ ಥಾಮಸ್ ಹಾರ್ಡಿಯ 1874ರ ಕಾದಂಬರಿಯಲ್ಲೂ, ಸಾರ್ಜೆಂಟ್ ಟ್ರಾಯ್ ಮದುವೆಯಾಗಿ ಬಂದ ಹೊಲದ ಕಣಜದಲ್ಲಿ ಪಿಟೀಲಿನವನು ಇದನ್ನೇ ಬಾರಿಸಬೇಕೆನ್ನುತ್ತಾನೆ.

ಇನ್ನು ಬಾರಿಸುವ ಮಾತು. ಜಿ-ಡಿ-ಎ-ಇ ಶ್ರುತಿಯ ಪಿಟೀಲಿನಲ್ಲಿ ಡಿ ತಂತಿ ಷಡ್ಜ, ಎ ತಂತಿ ಪಂಚಮ ಎಂದುಕೊಂಡರೆ ಶಂಕರಾಭರಣದ ಸ್ವರಗಳೇ. ಇಂದು ಹೆಚ್ಚು ಬಳಕೆಯಲ್ಲಿರುವ ರೂಪದ ಮೊದಲ ಎರಡು ಬಾರ್ (ಗೆರೆಯಿಂದ ಬೇರಾದ ಒಂದೊಂದು ತುಂಡು):

ಪ ಗ ಸ ಗ ಪ ಗ ಸ ಗ | ಪ – ಸ – ಸ – ನಿ ದ

(ಎರಡನೇ ಬಾರಿನ ಸ ತಾರಷಡ್ಜ. ‘–’ ಎಂದರೆ ಹಿಂದಿನ ಸ್ವರವನ್ನೇ ಇನ್ನೊಂದು ಸ್ವರದಷ್ಟು ಹೊತ್ತು ಹಿಡಿಯುವುದು.)

ಕೈ ಜಾರುವುದು ಎರಡು ಕಡೆ. ಎರಡನೇ ಬೆರಳು ಹಿಂದೆ ಬಿದ್ದರೆ ಅಂತರ ಗಾಂಧಾರ (ಇಲ್ಲಿನ ಗ) ಅರ್ಧ ಸ್ವರ ತಗ್ಗಿ ಸಾಧಾರಣ ಗಾಂಧಾರವಾಗಿ ಮಟ್ಟೇ ಅಳುಮುಖವಾಗುತ್ತದೆ. ಬೆರಳು ಮೂರನೆಯದಕ್ಕೆ ತಾಗಿಕೊಂಡೇ ಇರಬೇಕು. ಇನ್ನೊಂದು ಕಮಾನಿನದು, ಹೆಚ್ಚು ಜನ ಎಡವುವುದು ಇಲ್ಲೇ. ಮೊದಲ ಬಾರಿನ ಎಂಟು ಸ್ವರಕ್ಕೆ ಎಂಟು ಕಮಾನು, ಎಳೆತದಿಂದ (ಕಮಾನನ್ನು ಕೆಳಕ್ಕೆ ಎಳೆಯುವುದು; ವಾಪಸ್ ಮೇಲಕ್ಕೆ ಹೋಗುವುದು ತಳ್ಳುವ ಕಮಾನು) ಶುರು, ಆದ್ದರಿಂದ ಎರಡನೇ ಬಾರೂ ಎಳೆತದಲ್ಲೇ ಬರುತ್ತದೆ. ಆದರೆ ಅಲ್ಲಿ ಸ್ವರಗಳು ಐದೇ; ಒಂದೊಂದಕ್ಕೂ ಕಮಾನು ತಿರುಗಿಸಿದರೆ ಮುಂದಿನ ಬಾರು ತಳ್ಳುವ ಕಮಾನಿನಲ್ಲಿ ಬಿದ್ದು, ಕುಣಿಯುವವರ ಕಾಲಿಗೆ ಬೇಕಾದ ಒತ್ತು ಮಾಯ. ಕೊನೆಯ ನಿ–ದ ಎರಡನ್ನೂ ಒಂದೇ ತಳ್ಳುವ ಕಮಾನಿನಲ್ಲಿ ಕಟ್ಟಿಬಿಡಿ, ಲೆಕ್ಕ ಸರಿಹೋಗುತ್ತದೆ. ನಾಲ್ಕನೇ ಬಾರು ಮ – ರಿ – ರಿ – ಗ ಮ. ಅಲ್ಲಿ ಗ–ಮ ಕಟ್ಟಬೇಕು.

ಎ ತಂತಿಯಿಂದ ಡಿಗೆ ದಾಟುವಾಗ ಮಣಿಕಟ್ಟು ಸಾಕು. ತೋಳೆಲ್ಲ ಎತ್ತಿ ಇಳಿಸಿದರೆ ಎರಡನೇ ಸುತ್ತಿಗೇ ಲಯ ಎಳೆಯುತ್ತದೆ. ಕಮಾನಿನ ನಡುಭಾಗ, ನಾಲ್ಕು ಬೆರಳಗಲ ಉದ್ದ, ಅಷ್ಟೇ. ಎರಡು ಭಾಗ, ತಲಾ ಎಂಟು ಬಾರು, ಎರಡೆರಡು ಸಲ: ಒಟ್ಟು 32 ಬಾರಿಗೆ ಒಂದು ಸುತ್ತು.