ಮೇಲ್ ವಾಪಸ್ ಬಂದ್ರೆ ಮೊದಲು ಸರ್ವರಿನ ಹೆಸರು ನೋಡಿ

ಉಡುಪಿ ರಥಬೀದಿ ಹತ್ರ ನಮ್ಮ ಪರಿಚಯದವರದ್ದೊಂದು ಪ್ರಿಂಟಿಂಗ್ ಪ್ರೆಸ್ ಉಂಟು. ನೇಮ, ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಪತ್ತನಾಜೆ (ಮೇ ಕೊನೆಗೆ ಬರುವ, ತುಳುನಾಡಿನ ಉತ್ಸವಗಳ ಸೀಸನ್ ಮುಗಿಯುವ ದಿನ) ಬರುವವರೆಗೆ ಅವರಿಗೆ ಪುರುಸೊತ್ತೇ ಇಲ್ಲ. ಪ್ರೂಫ್ ಮುಂಬೈಯಲ್ಲಿರುವ ಕಮಿಟಿಯವರಿಗೆ ಮೇಲಲ್ಲಿ ಹೋಗ್ಬೇಕು, ಅವರು ಓಕೆ ಅಂದ ಮೇಲೇ ಮೆಷಿನ್ ಓಡುದು. ಮೇಲ್ ಕಳಿಸ್ಲಿಕ್ಕೆ ಹೊಸ ಸರ್ವರ್ ಹಾಕಿದ ಮೇಲೆ ಕೆಲವರಿಗೆ ಹೋಗ್ತದೆ, ಕೆಲವರಿಗೆ ಇಲ್ಲ. ಪಿಡಿಎಫ್ ಭಾರ ಆಯ್ತಾ, ಪಾಸ್‌ವರ್ಡ್ ತಪ್ಪಾ ಅಂತ ಎಲ್ಲರೂ ಅದನ್ನೇ ಹುಡುಕ್ತಾ ಇದ್ರು.

ಕಾರಣ ಲಾಗಲ್ಲೇ, ಅಂದ್ರೆ ಸರ್ವರ್ ಇಡುವ ದಾಖಲೆಯಲ್ಲೇ, ಬರೆದಿತ್ತು ಮಾರಾಯ್ರೆ. 504 5.5.2, ಹೆಲೋ ಕಮಾಂಡ್ ರಿಜೆಕ್ಟೆಡ್, ನೀಡ್ ಫುಲ್ಲಿ ಕ್ವಾಲಿಫೈಡ್ ಹೋಸ್ಟ್‌ನೇಮ್. ಅಂದ್ರೆ ನಮ್ಮ ಸರ್ವರ್ ಆಚೆಯವರ ಬಾಗಿಲು ತಟ್ಟಿ "ನಾನು ಪ್ರೆಸ್" ಅಂತ ಒಂದೇ ಶಬ್ದ ಹೇಳ್ತಾ ಉಂಟು, ಯಾವ ಡೊಮೈನು (ಮೇಲ್ ಅಡ್ರೆಸ್ಸಲ್ಲಿ @ ಆದ ಮೇಲೆ ಬರುವಂಥ ಹೆಸರು) ಅಂತ ಇಲ್ಲ. ಉಬುಂಟುನಲ್ಲಿ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಫ್ಟ್‌ವೇರ್ ಹಾಕುವಾಗ ಮೆಷಿನ್ನಿಗೆ ಇರುವ ಹೆಸರೇ ಮೈಹೋಸ್ಟ್‌ನೇಮ್ (ಸರ್ವರ್ ಹೊರಗೆ ಹೇಳಿಕೊಳ್ಳುವ ಹೆಸರು) ಅಂತ ಕೂತುಬಿಡ್ತದೆ, ಯಾರೂ ತಿರುಗಿ ನೋಡುದಿಲ್ಲ. ಕೆಲವು ಸರ್ವರುಗಳು ಇದನ್ನು ಗಣನೆಗೆ ತಗೊಳ್ಳುದಿಲ್ಲ, ಕೆಲವು ಅಲ್ಲಿಯೇ ತಡೀತವೆ, ಅದಕ್ಕೇ ಒಬ್ಬರಿಗೆ ಹೋಗಿ ಇನ್ನೊಬ್ಬರಿಗೆ ಹೋಗದೆ ಇದ್ದದ್ದು.

ಬಿಲ್ಲಿಂಗ್ ಸಾಫ್ಟ್‌ವೇರಿನದ್ದು ಬೇರೆಯೇ ಕಥೆ. ಅದು ಕಳಿಸುವ ಅಡ್ರೆಸ್ಸಿನ ಕೊನೆಗೆ ಡಾಟ್ ಲೋಕಲ್ ಅಂತ ಇತ್ತು, ಆಫೀಸಿನ ಒಳಗೆ ಮಾತ್ರ ನಡೆಯುವ ಹೆಸರು ಅದು. ಅಂಥದ್ದಕ್ಕೆ ಎದುರಿನವರು 450 4.1.8, ಡೊಮೈನ್ ನಾಟ್ ಫೌಂಡ್ ಅಂತಾರೆ. ಇಲ್ಲಿ ಆ 4 ಮುಖ್ಯ, ಯಾಕಂದ್ರೆ 5ರಿಂದ ಶುರುವಾದ್ರೆ ಮೇಲ್ ಕೂಡಲೇ ವಾಪಸ್, 4 ಅಂದ್ರೆ ಆಮೇಲೆ ಬಾ ಅಂತ, ಹಾಗಾಗಿ ಪೋಸ್ಟ್‌ಫಿಕ್ಸ್ ಡಿಫಾಲ್ಟ್ ಸೆಟ್ಟಿಂಗಲ್ಲಿ 5 ದಿನ ಕ್ಯೂನಲ್ಲಿ (ಕಾಯುವ ಸಾಲಲ್ಲಿ) ಇಟ್ಕೊಂಡು ಪ್ರಯತ್ನ ಮಾಡ್ತಾನೇ ಇರ್ತದೆ, ಕಳಿಸಿದವರಿಗೆ ಸುದ್ದಿ ಇಲ್ಲ, ಅಲ್ಲಿ ಗಿರಾಕಿ ಬಿಲ್ ಬಂದಿಲ್ಲ ಅಂತ ಕೂತಿರ್ತಾರೆ.

ಸರ್ವರಿನ ಹೆಸರನ್ನು ಮೇಲ್ ಡಾಟ್ ಅಂತ ಶುರುವಾಗುವ ಪೂರ್ತಿ ಹೆಸರಾಗಿ ಬದಲಾಯಿಸಿದ್ದಾಯ್ತು. ಆದ್ರೆ ಅಷ್ಟು ಸಾಲುದಿಲ್ಲ. ಆ ಹೆಸರಿಗೆ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ಟಿನ ಹೆಸರುಗಳ ಪಟ್ಟಿಯಲ್ಲಿ) ಎ ರೆಕಾರ್ಡ್, ಅಂದ್ರೆ ಹೆಸರಿಂದ ಐಪಿ ನಂಬರ್ ತೋರಿಸುವ ಸಾಲು ಇರ್ಬೇಕು, ಅದು ತೋರಿಸುವ ಐಪಿಗೆ ಪಿಟಿಆರ್, ಅಂದ್ರೆ ಐಪಿಯಿಂದ ಹೆಸರು ತೋರಿಸುವ ಸಾಲು ಇರ್ಬೇಕು, ಆ ಪಿಟಿಆರ್ ತಿರುಗಿ ಅದೇ ಹೆಸರನ್ನು ಹೇಳ್ಬೇಕು. ಎಲ್ಲರೂ ಸಿಕ್ಕಿಹಾಕಿಕೊಳ್ಳುದು ಪಿಟಿಆರಲ್ಲಿ. ಡೊಮೈನ್ ತಗೊಂಡ ಕಡೆ ಪ್ಯಾನೆಲ್ಲಿಗೆ ಹೋಗಿ ಅಲ್ಲಿ ಪಿಟಿಆರ್ ಸೇರಿಸಿ ಕಾಯ್ತಾರೆ, ಎಷ್ಟು ಕಾದ್ರೂ ಎಂತ ಆಗುದಿಲ್ಲ, ಯಾಕಂದ್ರೆ ಅದು ಡೊಮೈನಿನ ಕೈಯಲ್ಲಿಲ್ಲ, ಐಪಿ ಕೊಟ್ಟವರ ಕೈಯಲ್ಲಿರುದು. ವಿಪಿಎಸ್ (ಬಾಡಿಗೆ ಸರ್ವರ್) ಆದ್ರೆ ಹೆಚ್ಚಾಗಿ ಅವರ ಪ್ಯಾನೆಲ್ಲಲ್ಲೇ ಪಿಟಿಆರ್ ಹಾಕುವ ಜಾಗ ರಿವರ್ಸ್ ಡಿಎನ್‌ಎಸ್ ಅಂತ ಇರ್ತದೆ, ಬ್ರಾಡ್‌ಬ್ಯಾಂಡಿನ ಸ್ಟಾಟಿಕ್ (ಬದಲಾಗದ) ಐಪಿ ಆದ್ರೆ ಕಂಪನಿಗೆ ಬರೆದು ಕೇಳ್ಬೇಕು. ಐಪಿವಿ6 (ಹೊಸ ಮಾದರಿಯ ಐಪಿ) ಇದ್ರೆ ಅದಕ್ಕೂ ಬೇರೆಯೇ ಪಿಟಿಆರ್ ಬೇಕು, ಇಲ್ಲದಿದ್ರೆ ಜಿಮೇಲ್ 5.7.25 ಅಂತ ತಿರಸ್ಕರಿಸ್ತದೆ.

ಸರ್ವರಲ್ಲೇ ಕೂತು ಪಿಂಗ್ ಮಾಡಿ ಸರಿ ಉಂಟು ಅಂತ ಹೇಳ್ಬೇಡಿ. ಆ ಮೆಷಿನ್ನಿನೊಳಗಿನ ಹೋಸ್ಟ್ಸ್ ಫೈಲಲ್ಲಿ ಬರೆದದ್ದನ್ನೇ ಅದು ಓದಿ ಹೇಳ್ತದೆ, ಹೊರಗಿನವರಿಗೆ ಆ ಹೆಸರು ಇದೆಯೋ ಇಲ್ಲವೋ ಅದರಿಂದ ಗೊತ್ತಾಗುದಿಲ್ಲ. ಡಿಎನ್‌ಎಸ್ ವಿಚಾರಿಸುವ ಡಿಗ್ ಕಮಾಂಡಿಗೆ 8.8.8.8 (ಗೂಗಲಿನ ಸಾರ್ವಜನಿಕ ಡಿಎನ್‌ಎಸ್ ಸರ್ವರ್) ಕೊಟ್ಟು ಕೇಳಿ, ಹೆಸರಿಂದ ಐಪಿ, ಐಪಿಯಿಂದ ಹೆಸರು, ಎರಡೂ.

ಎಸ್‌ಪಿಎಫ್ ಬಗ್ಗೆಯೂ ಹೇಳ್ಬೇಕು, ನಮ್ಮ ಡೊಮೈನಿನ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಡಿಎನ್‌ಎಸ್‌ನಲ್ಲಿ ಬರೆಯುವ ಸಾಲು ಅದು. ಜಿಮೇಲ್ 2024ರ ಫೆಬ್ರವರಿಯಿಂದ ಸಣ್ಣ ಪ್ರಮಾಣದಲ್ಲಿ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಬೇಕೇ ಬೇಕು ಅಂತ ಮಾಡಿದೆ, ದಿನಕ್ಕೆ 5000ದ ಮೇಲೆ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ (ಈ ಪರೀಕ್ಷೆಯಲ್ಲಿ ಫೇಲಾದ ಮೇಲಿಗೆ ಎಂತ ಮಾಡ್ಬೇಕು ಅಂತ ಹೇಳುವ ಸಾಲು). ಪ್ರೆಸ್ಸಿನ ಡೊಮೈನಲ್ಲಿ ಹಳೇ ಸರ್ವರಿನ ಎಸ್‌ಪಿಎಫ್ ಒಂದು, ಹೊಸತಕ್ಕೆ ಸೇರಿಸಿದ್ದು ಇನ್ನೊಂದು, ಹೀಗೆ ಎರಡಿತ್ತು. ಎರಡಿದ್ರೆ ಪರ್ಮ್‌ಎರರ್, ಅಂದ್ರೆ ಎರಡೂ ಲೆಕ್ಕಕ್ಕಿಲ್ಲ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿ, ಒಳಗಿನ ಡಿಎನ್‌ಎಸ್ ಲುಕಪ್ (ಹುಡುಕಾಟ) 10 ದಾಟದ ಹಾಗೆ ನೋಡ್ಕೊಂಡು, ಬಿಲ್ಲಿಂಗಿನ ಅಡ್ರೆಸ್ಸನ್ನೂ ಅಸಲಿ ಡೊಮೈನಿಗೆ ತಂದ ಮೇಲೆ ಕ್ಯೂ ಫ್ಲಶ್ ಮಾಡಿದ್ರು, ಅಂದ್ರೆ ನಿಂತಿದ್ದ ಮೇಲನ್ನು ಮತ್ತೆ ತಳ್ಳಿದ್ರು. ಪ್ರೂಫ್‌ಗಳಿಗೆ ಈಗ 250 ಓಕೆ (ಮೇಲ್ ತಗೊಂಡೆ ಅನ್ನುವ ಉತ್ತರ) ಬರ್ತಾ ಉಂಟು. ಡಿಕಿಮ್ ಕೀ ಇನ್ನೂ ಹಾಕ್ಲಿಕ್ಕೆ ಬಾಕಿ, ಮುಂದಿನ ಸೀಸನ್ನಿನ ಆಮಂತ್ರಣ ಶುರುವಾಗುವ ಮೊದಲು ಅದನ್ನೂ ಮುಗಿಸಬೇಕು.