ಕಾಗೆಗೆ ಒಂದು ತುಂಡು ಪುಲ್ಲಾ

ಚೌತಿಗೆ ಹತ್ತು ದಿನ ಇರುವಾಗ ಆಯಿ, ಎಂದರೆ ನನ್ನ ಅಮ್ಮ, ಕಳಿಸಿದ ಪೊಟ್ಟಣ ಫಿನ್ಲೆಂಡಿನ ತಾಂಪೆರೆಗೆ ಬಂದು ಮುಟ್ಟಿತು. ಬಿಚ್ಚಿದವಳು ಮಗಳು. ಚಕ್ಕುಲಿ ಹಿಟ್ಟು, ಗೆಜ್ಜೆವಸ್ತ್ರ, ಊದುಬತ್ತಿ ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲಿಟ್ಟಳು. ಕೊನೆಗೆ ಏಲಕ್ಕಿಯ ಚೀಲವನ್ನು ಮೂಗಿಗೆ ಹಿಡಿದವಳು, ಮಾತಿಲ್ಲದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯಾಕೆಂದು ಹೆಂಡತಿ ಹೇಳಿದಳು. ಮಗಳ ಅಪ್ಪ ಪ್ರತಿ ಶನಿವಾರ ಪುಲ್ಲಾ ಮಾಡುತ್ತಿದ್ದರಂತೆ. ಪುಲ್ಲಾ ಎಂದರೆ ಇಲ್ಲಿಯ ಸಿಹಿ ಬ್ರೆಡ್ಡು. ಹಿಟ್ಟನ್ನು ಜಡೆಯಂತೆ ಹೆಣೆದು ಬೇಯಿಸುತ್ತಾರೆ. ತರಿತರಿಯಾಗಿ ಕುಟ್ಟಿದ ಏಲಕ್ಕಿ ಬೀಳದಿದ್ದರೆ ಅದು ಪುಲ್ಲಾ ಅಲ್ಲ. ಅವರು ತೀರಿಹೋಗಿ ಮೂರು ವರ್ಷ. ಆಮೇಲೆ ಈ ಮನೆಯಲ್ಲಿ ಯಾರೂ ಏಲಕ್ಕಿ ಕುಟ್ಟಿರಲಿಲ್ಲ.

ಶಿರಸಿ ಸೀಮೆಯ ನಮ್ಮ ತೋಟದಲ್ಲಿ ಏಲಕ್ಕಿ ಅಡಿಕೆ ಮರದ ನೆರಳಿಗೆ ಬೆಳೆಯುತ್ತದೆ. ಗಿಡ ಆಳೆತ್ತರ, ಕಾಯಿ ಮಾತ್ರ ಬುಡದಲ್ಲಿ, ನೆಲಕ್ಕೆ ತಾಗಿಕೊಂಡು. ಹುಡುಗನಾಗಿದ್ದಾಗ ಬಗ್ಗಿ ಬಗ್ಗಿ ಕೊಯ್ದ ಕಾಯಿ ಅದು. ಅದರ ವಾಸನೆ ಇಲ್ಲೊಂದು ಮಗುವಿಗೆ ಅಪ್ಪನ ವಾಸನೆ ಎಂದು ತಿಳಿದ ಮೇಲೆ, ಕೈಯಲ್ಲಿದ್ದ ಚೀಲವನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ.

ನಾನು ಈ ಮನೆಗೆ ಬಂದು ಒಂದೂವರೆ ವರ್ಷ. ಮಗಳಿಗೆ ಒಂಬತ್ತು. ಅವಳದು ಹಾಲಿನಂಥ ಮೈಬಣ್ಣ. ನಾನು ನಮ್ಮೂರಿನಲ್ಲೇ ಕಪ್ಪು ಎನಿಸಿಕೊಂಡವನು. ಒಮ್ಮೆ ಬಸ್ಸಿನಲ್ಲಿ ಹಿರಿಯರೊಬ್ಬರು ಅವಳತ್ತ ಬಗ್ಗಿ, ‘ಈ ಮನುಷ್ಯ ನಿನಗೆ ಗೊತ್ತೇ?’ ಎಂದು ಕೇಳಿದರು. ಊರಿನ ಬಳಗದವರದು ಬೇರೆ ಪ್ರಶ್ನೆ: ‘ನಿನ್ನದೇ ಒಂದು ಮಗು ಯಾವಾಗ?’ ಎರಡೂ ಒಂದೇ ಜಾಗದಲ್ಲಿ ನೋಯುತ್ತವೆ. ಮಗಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಅಪ್ಪ ಎಂಬ ಮಾತು ಅವಳ ಅಪ್ಪನದು. ಅದನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಆಗಸ್ಟ್ 24, ಭಾನುವಾರ, ಊರಿನಲ್ಲಿ ನಮ್ಮ ಮನೆಯ ಚಕ್ಕುಲಿ ಕಂಬಳ. ಕೇರಿಯವರೆಲ್ಲ ಕೂಡಿ ಒಂದು ಮನೆಯ ಚಕ್ಕುಲಿ ಮುಗಿಸಿ ಇನ್ನೊಂದು ಮನೆಗೆ ಹೋಗುತ್ತಾರೆ. ಒರಳಿನಲ್ಲಿ ಒತ್ತುವುದಿಲ್ಲ, ಕೈಯಲ್ಲೇ ಸುತ್ತಬೇಕು. ಹಿಟ್ಟಿನ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆಯುತ್ತ, ಹೊಸೆದಷ್ಟನ್ನು ಒಳಗಿನಿಂದ ಹೊರಗೆ ಸುತ್ತುತ್ತ ಹೋಗಬೇಕು. ನೀರು ಹೆಚ್ಚಾದರೆ ಎಳೆ ಕುಸಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಆಯಿ ಮೊಬೈಲನ್ನು ಜಗಲಿಯ ಕಂಬಕ್ಕೆ ಒರಗಿಸಿಟ್ಟಿದ್ದಳು. ಅವರೊಂದಿಗೆ ನಾನೂ ಇಲ್ಲಿ ಅಡುಗೆಮನೆಯಲ್ಲಿ ಸುತ್ತಲು ಕುಳಿತೆ. ಮೂರು ಸಲ ಎಳೆ ಕಡಿಯಿತು.

ಬಾಗಿಲಿನಲ್ಲಿ ನಿಂತು ನೋಡುತ್ತಿದ್ದ ಮಗಳು ಕೈ ತೊಳೆದು ಬಂದಳು. ಬೆರಳಿಗೆ ಎಣ್ಣೆ ಸವರಿಕೊಂಡು ಹಿಟ್ಟು ಎತ್ತಿಕೊಂಡಳು. ಅಪ್ಪನ ಪಕ್ಕದಲ್ಲಿ ನಿಂತು ಜಡೆ ಹೆಣೆದ ಬೆರಳುಗಳು ಅವು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದು ಮೂರು ಸುತ್ತು, ತಿರುಪು ಒಂದೇ ಸಮ. ಜಗಲಿಯಲ್ಲಿ ಗದ್ದಲವೇ ಎದ್ದಿತು. ‘ಕೂಸೇ, ಇಲ್ಲಿಗೆ ಬಂದುಬಿಡು, ನಮಗೆ ಜನ ಸಾಲದು’ ಎಂದರು ಪಕ್ಕದ ಮನೆಯ ಅಜ್ಜ. ನಾನು ಫಿನ್ನಿಷ್ ಭಾಷೆಯಲ್ಲಿ ಹೇಳಿದೆ. ‘ಕೂಸು ಎಂದರೆ?’ ಎಂದಳು. ಮನೆಯ ಹುಡುಗಿಯನ್ನು ಹಾಗೆ ಕರೆಯುತ್ತಾರೆ ಎಂದೆ. ಸ್ವಲ್ಪ ಹೊತ್ತು ಸುತ್ತುತ್ತಲೇ ಇದ್ದು ಕೇಳಿದಳು: ‘ಇದಕ್ಕೆ ಏಲಕ್ಕಿ ಹಾಕುವುದಿಲ್ಲವೇ?’

‘ಇಲ್ಲ.’

‘ಹಾಗಾದರೆ ಪುಲ್ಲಾವನ್ನೂ ಮಾಡೋಣ.’

ಅವಳೇ ಕುಟ್ಟಿದಳು.

ಹಬ್ಬ ಬುಧವಾರ. ಊರಿನಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಅಡಿಕೆ ಗೊನೆ, ಮಾದಲ ಹಣ್ಣು, ಸೌತೆಕಾಯಿ ಬೇಕು. ಇಲ್ಲಿ ಕಾಡಿನ ಹಣ್ಣನ್ನು ಯಾರು ಬೇಕಾದರೂ ಕೊಯ್ಯಬಹುದು, ಕಾನೂನೇ ಹಾಗಿದೆ. ಪಿಹ್ಲಾಯ ಮರದ ಕೆಂಪು ಗೊಂಚಲು ದೂರದಿಂದ ಹಣ್ಣಡಿಕೆಯ ಗೊನೆಯಂತೆಯೇ ಕಾಣುತ್ತದೆ. ಅದನ್ನೂ ಸೇಬನ್ನೂ ಕಟ್ಟಿದೆವು. ನೈವೇದ್ಯಕ್ಕೆ ಪಂಚಕಜ್ಜಾಯ, ಚಕ್ಕುಲಿ, ಪಕ್ಕದಲ್ಲಿ ಮೊಟ್ಟೆಯ ಬದಲು ಹಾಲು ಸವರಿದ ಪುಲ್ಲಾ.

‘ಅದೇನು, ಜಡೆಯ ಹಾಗೆ?’ ಎಂದಳು ಆಯಿ ಮೊಬೈಲಿನಲ್ಲಿ. ಹೇಳಿದೆ. ನನ್ನ ಆಯಿ ಮಡಿಯವಳು, ಬೇಕರಿಯ ತಿಂಡಿಯನ್ನು ಇಂದಿಗೂ ಮುಟ್ಟುವುದಿಲ್ಲ. ಏನೆನ್ನುವಳೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

‘ಹುಣ್ಣಿಮೆ ಕಳೆದರೆ ಪಿತೃಪಕ್ಷ,’ ಎಂದಳು. ‘ಮಹಾಲಯದಲ್ಲಿ ಸ್ನೇಹಿತರಿಗೆ, ಆಪ್ತರಿಗೆಲ್ಲ ಎಳ್ಳುನೀರು ಬಿಡುತ್ತಾರಲ್ಲ, ನಿನ್ನ ಅಪ್ಪಯ್ಯನಿಗೆ ಬಿಡುವಾಗ ಕೂಸಿನ ಅಪ್ಪನಿಗೂ ಬಿಡು. ಕಾಗೆಗೆ ಎಡೆ ಇಡುವುದನ್ನು ಮರೆಯಬೇಡ.’

ಮಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಗೆ ಒಂದೇ ಚಿಂತೆ. ಇಲ್ಲಿಯ ಕಾಗೆ ತಲೆ, ರೆಕ್ಕೆ ಕಪ್ಪಗಿದ್ದರೂ ಮೈಯೆಲ್ಲ ಬೂದು. ಅಂಥ ಕಾಗೆ ಆಗುತ್ತದೆಯೇ?

‘ಆಗದೆ ಏನು?’ ಎಂದಳು ಆಯಿ.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ಬಾಲ್ಕನಿಯಲ್ಲಿ ಒಂದು ತಟ್ಟೆ: ಅನ್ನ, ಡಬ್ಬಿಯಲ್ಲಿ ಉಳಿದಿದ್ದ ಒಂದು ಚಕ್ಕುಲಿ, ಹಿಂದಿನ ದಿನ ಅವಳು ಹೆಣೆದ ಪುಲ್ಲಾದ ತುಂಡು. ಗಾಜಿನ ಹಿಂದೆ ಮೂವರೂ ಉಸಿರು ಹಿಡಿದು ನಿಂತೆವು. ಕಾಗೆ ಬಂದು ಕಂಬಿಯ ಮೇಲೆ ಕುಳಿತಿತು, ಅತ್ತಿತ್ತ ನೋಡಿತು, ಪುಲ್ಲಾವನ್ನೇ ಕಚ್ಚಿಕೊಂಡು ಹಾರಿತು.

‘ನೋಡಿದೆಯಾ?’ ಎಂದು ಮಗಳು ನನ್ನ ತೋಳು ಹಿಡಿದಳು.