ನಾಲ್ಕು ಪ್ರತಿಗಳು ಮತ್ತು ಒಂದು ಅರ್ಜಿ

ಪದವಿಗೆ ಅರ್ಜಿ ತುಂಬುವ ಮೊದಲು ಕಾಲೇಜಿನ ಪಾಠಗಳನ್ನು ಕುಳಿತು ಕೇಳಲು ನಮಗೊಂದು ದಿನದ ಅವಕಾಶ ಸಿಕ್ಕಿತ್ತು. ಯಾವ ವಿಭಾಗಕ್ಕೆ ಬೇಕಾದರೂ ಹೋಗಬಹುದಿತ್ತು. ನಾನು ಅದುವರೆಗೆ ಓದಿದ್ದು ವಿಜ್ಞಾನ. ಮುಂದೆ ಮಾನವಿಕ ವಿಷಯಗಳನ್ನೇ ಓದುವುದೆಂದು ಮನಸ್ಸು ಗಟ್ಟಿಯಾಗಿತ್ತು, ಯಾವುದನ್ನು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಜತೆಗೆ ಬಂದಿದ್ದ ಅಪ್ಪನ ಚಿಂತೆ ಬೇರೆಯೇ ಇತ್ತು: ಇದನ್ನು ಓದಿ ಮುಂದೇನು?

ಮೊದಲು ಹೊಕ್ಕಿದ್ದು ವಿದೇಶಿ ಭಾಷೆಯ ತರಗತಿ. ಹೊಸದಾಗಿ ಕಲಿಯುವವರ ಮೊದಲ ವರ್ಷದ ಬಹುಪಾಲು ಉಚ್ಚಾರಣೆಗೆ, ಕ್ರಿಯಾಪದದ ರೂಪಗಳಿಗೆ, ಕೇಳಿ ಬರೆಯುವ ಅಭ್ಯಾಸಕ್ಕೆ ಹೋಗುತ್ತದೆ ಎಂದರು. ಆ ಭಾಷೆಯ ಕಾವ್ಯ, ಕಾದಂಬರಿ ಕೈಗೆ ಬರುವುದು ಆಮೇಲೆ. ಭಾಷಾವಿಜ್ಞಾನದ ತರಗತಿಯಲ್ಲಿ ಕಾದಂಬರಿಯ ಸುದ್ದಿಯೇ ಇರಲಿಲ್ಲ. ಅಲ್ಲಿದ್ದ ಯಾರಿಗೂ ಬಾರದ ಭಾಷೆಯೊಂದರ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಅರ್ಥ ಕೊಟ್ಟು, ಭೂತಕಾಲವನ್ನು ಸೂಚಿಸುವ ಪ್ರತ್ಯಯ ಯಾವುದೆಂದು ಹುಡುಕಲು ಹೇಳಿದ್ದರು. ನನಗದು ತುಂಬ ಹಿಡಿಸಿತು. ಇತಿಹಾಸದ ತರಗತಿ ಅರ್ಧ ಮುಗಿದಿದ್ದರಿಂದ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ.

ಸಾಹಿತ್ಯ ವಿಭಾಗದಲ್ಲಿ ಕವಿತೆಯ ರಸಾಸ್ವಾದ ನಡೆದಿರಬಹುದೆಂದುಕೊಂಡು ಹೋದೆ. ನಡೆಯುತ್ತಿದ್ದುದು ಗ್ರಂಥಸಂಪಾದನೆಯ ಪಾಠ, ಅಂದರೆ ಒಂದು ಕೃತಿಯ ಹಳೆಯ ಪ್ರತಿಗಳನ್ನು ಹೋಲಿಸಿ ಅದರ ಮೂಲರೂಪವನ್ನು ಹುಡುಕುವ ಕೆಲಸ. ಒಂದೇ ಕಾವ್ಯಭಾಗದ ನಾಲ್ಕು ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಹಂಚಿದ ಅಧ್ಯಾಪಕಿ, ಯಾವ ಪ್ರತಿಗೆ ಯಾವುದು ಹತ್ತಿರದ್ದೆಂದು ಹೇಳಿ ಎಂದರು. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದು ಸಾಲು ಇರಲಿಲ್ಲ. ಉಳಿದೆರಡರಲ್ಲಿ ಆ ಸಾಲೂ ಅದರ ಹಿಂದಿನ ಸಾಲೂ ಒಂದೇ ಪದದಿಂದ ಮುಗಿಯುತ್ತಿದ್ದವು. ಮೊದಲ ಸಾಲನ್ನು ಬರೆದು ಮತ್ತೆ ಮೂಲದತ್ತ ನೋಡಿದ ಲಿಪಿಕಾರನ ಕಣ್ಣು ಎರಡನೆಯ ಸಾಲಿನ ಕೊನೆಗೆ ಜಾರಿತ್ತು. ನನ್ನ ಮುಂದೆ ಕುಳಿತಿದ್ದ ವಿದ್ಯಾರ್ಥಿ, ‘ಹಾಗಾದರೆ ಈ ಎರಡೂ ಒಂದೇ ಮೂಲದಿಂದ ಬಂದವು’ ಎಂದ. ‘ಇಬ್ಬರು ಬೇರೆ ಬೇರೆ ಲಿಪಿಕಾರರ ಕಣ್ಣು ಅದೇ ಜಾಗದಲ್ಲಿ ಜಾರಿರಬಾರದೇಕೆ?’ ಎಂದು ಅವರು ಕೇಳಿದರು. ಕೋಣೆ ಇಡೀ ಮುಂದಿನ ಪುಟಕ್ಕೆ ಬಗ್ಗಿತು. ಅಲ್ಲಿ ಅದೇ ಎರಡು ಪ್ರತಿಗಳಲ್ಲಿ ಎರಡು ಪದ್ಯಗಳು ಹಿಂದುಮುಂದಾಗಿದ್ದವು. ಆಮೇಲೆ ಇನ್ನೊಂದು ಕಡೆ ಇಬ್ಬರೂ ಛಂದಸ್ಸು ಕೆಡುವ ಒಂದೇ ಪದರೂಪವನ್ನು ಬರೆದಿದ್ದರು. ಮೂರೂ ಕಡೆ ಆಕಸ್ಮಿಕ ಎನ್ನುವುದು ಕಷ್ಟ. ಹಲಗೆಯ ಮೇಲೆ ಪ್ರತಿಗಳ ವಂಶವೃಕ್ಷ ನಿಧಾನವಾಗಿ ಬೆಳೆಯಿತು. ಯಾರ ಕೈಗೂ ಸಿಗದ ಮೂಲಪ್ರತಿಯೊಂದು ಅದರ ಬೇರಿನಲ್ಲಿ ನಿಂತಿತು.

ಜೀವಶಾಸ್ತ್ರದಲ್ಲಿ ನಾನು ಓದಿದ್ದ ವಿಕಾಸದ ಮರವೇ ಅದು. ಹಾಗೆಂದು ಹೇಳಿದಾಗ ಅಧ್ಯಾಪಕಿಗೆ ಸಂತೋಷವಾಯಿತು. ಹಳೆಯ ಇಂಗ್ಲಿಷ್ ಕವಿ ಚಾಸರ್‌ನ ‘ಕ್ಯಾಂಟರ್ಬರಿ ಕಥೆಗಳ’ ಹಸ್ತಪ್ರತಿಗಳನ್ನು ಜೀವವಿಜ್ಞಾನಿಗಳ ಗಣಕ ವಿಧಾನದಿಂದಲೇ ವಿಂಗಡಿಸಿದ ಅಧ್ಯಯನವೊಂದು 1998ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ ಎಂದರು. ಇಟಲಿಯ ವಿದ್ವಾಂಸ ಲೊರೆಂಜೊ ವಾಲ್ಲಾನ ಕಥೆಯನ್ನೂ ಹೇಳಿದರು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ಸಾಮ್ರಾಜ್ಯದ ಪಶ್ಚಿಮ ಭಾಗದ ಒಡೆತನವನ್ನೇ ಬರೆದುಕೊಟ್ಟನೆಂಬ ದಾನಪತ್ರ ಖೊಟ್ಟಿಯೆಂದು ಅವನು 1440ರಲ್ಲಿ ವಾದಿಸಿದ. ಅದರ ಲ್ಯಾಟಿನ್ ಕಾನ್‌ಸ್ಟಂಟೈನನ ಕಾಲವಾದ 4ನೆಯ ಶತಮಾನದ್ದಾಗಿರಲು ಸಾಧ್ಯವಿಲ್ಲ ಎಂಬುದು ಅವನ ಬಲವಾದ ಸಾಕ್ಷ್ಯಗಳಲ್ಲಿ ಒಂದು. ಸಾಮ್ರಾಜ್ಯದ ಮೇಲಿನ ಹಕ್ಕೊಂದನ್ನು ಭಾಷೆ ಬಲ್ಲವನೊಬ್ಬ ಅಲುಗಾಡಿಸಿದ್ದ! ಸಾಹಿತ್ಯ ಓದುವುದೆಂದರೆ ಮೆತ್ತಗಿನ ಕೆಲಸ ಎನ್ನುವವರ ಮಾತಿಗೆ ನಾನು ಅಂದಿನಿಂದ ತಲೆದೂಗಿಲ್ಲ.

ಪಾಠ ಮುಗಿದ ಮೇಲೆ ಅಪ್ಪ ತಮ್ಮ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಅಧ್ಯಾಪಕಿ ಉತ್ತರವನ್ನು ಸಿಹಿ ಮಾಡಲಿಲ್ಲ. ವೈದ್ಯಕೀಯದಂತೆ ಈ ಪದವಿಯ ತುದಿಯಲ್ಲಿ ಒಂದು ಗೊತ್ತಾದ ಕೆಲಸ ಕಾದಿರುವುದಿಲ್ಲ ಎಂದರು. ಬೋಧನೆ, ಅನುವಾದ, ಪ್ರಕಾಶನ, ಪತ್ರಿಕೋದ್ಯಮ, ಪತ್ರಾಗಾರ, ಆಡಳಿತ, ಕಾನೂನು ಹೀಗೆ ದಾರಿಗಳು ಹಲವು, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಇನ್ನೊಂದು ತರಬೇತಿ ಬೇಕಾಗುತ್ತದೆ ಎಂದೂ ಸೇರಿಸಿದರು. ಅಪ್ಪನಿಗೆ ಆ ಪ್ರಾಮಾಣಿಕತೆ ಒಪ್ಪಿಗೆಯಾಯಿತೆಂದು ಅವರ ಮುಖವೇ ಹೇಳಿತು.

ನಾನು ಕೇಳಿದ್ದು ಒಂದೇ: ನಾವು ಬರೆದದ್ದನ್ನು ಯಾರಾದರೂ ಓದುತ್ತಾರೆಯೇ? ಅಧ್ಯಾಪಕಿ, ಹೆಸರಿದ್ದ ಮೊದಲ ಪುಟವನ್ನು ತೆಗೆದಿಟ್ಟು, ವಿದ್ಯಾರ್ಥಿಯೊಬ್ಬರ ಪ್ರಬಂಧವನ್ನು ನನ್ನ ಮುಂದೆ ತೆರೆದರು. ಅಂಚಿನ ತುಂಬ ಪೆನ್ಸಿಲಿನ ಬರಹ. ‘ಸುಂದರವಾದ ಪದ್ಯ’ ಎಂಬ ಮಾತಿನ ಕೆಳಗೆ ಗೆರೆ ಎಳೆದು ‘ಯಾವ ಸಾಲು, ಯಾಕೆ?’ ಎಂದು ಕೇಳಿದ್ದರು. ಎರಡು ಪುಟ ದಾಟಿದ ಮೇಲೆ, ‘ಇಲ್ಲಿ ನಿಮ್ಮ ವಾದಕ್ಕೆ ವಿರುದ್ಧವಾದ ಸಾಲೊಂದಿದೆ, ಅದನ್ನು ಬಿಟ್ಟಿದ್ದೀರಿ.’ ನನ್ನ ಬರಹವನ್ನು ಅಷ್ಟು ಗಮನವಿಟ್ಟು ಅದುವರೆಗೆ ಯಾರೂ ಓದಿರಲಿಲ್ಲ. ಅಂಥ ಓದುಗರು ಸಿಗುವ ಕಡೆ ಮೂರು ವರ್ಷ ಕಳೆಯಬೇಕೆಂಬ ಆಸೆ ಅಲ್ಲಿಯೇ ಹುಟ್ಟಿತು.

ಸಂಜೆ ಅರ್ಜಿಯಲ್ಲಿ ಸಾಹಿತ್ಯವನ್ನು ಮುಖ್ಯ ವಿಷಯವಾಗಿಯೂ ಭಾಷಾವಿಜ್ಞಾನವನ್ನು ಎರಡನೆಯದಾಗಿಯೂ ಬರೆದೆ. ಅಪ್ಪ ಪಠ್ಯಕ್ರಮದ ಕೊನೆಯ ಪುಟ ತಿರುಗಿಸಿ, ಗ್ರಂಥಸಂಪಾದನೆ ಎರಡನೆಯ ವರ್ಷದಲ್ಲಿ ಬರುತ್ತದೆ, ಆಯ್ಕೆ ಮಾಡುವುದನ್ನು ಮರೆಯಬೇಡ ಎಂದರು.